ಕಪ್ಪು ಗೋಡೆಯಲ್ಲಿ ಮರುಭೂಮಿಯ ಗುಟ್ಟು

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮುರಕಲ್ಲಿನ ಕಂಪೌಂಡು ಗೋಡೆಗಳಿಗೆ ಎಷ್ಟು ಸುಣ್ಣ ಬಳಿದರೂ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪಾಗುತ್ತವೆ. ಪಾಚಿ ಹಿಡಿಯಿತೆಂದು ಮನೆಯವರು ಗೊಣಗುತ್ತಾರೆ. ಇಂಥ ಕಪ್ಪಿನಲ್ಲಿ ಶಿಲೀಂಧ್ರಗಳ ಜೊತೆ ನೀಲಿಹಸಿರು ಪಾಚಿಗಳ ಪಾಲು ದೊಡ್ಡದು. ಹೆಸರಿಗೆ ಪಾಚಿಯಾದರೂ ಇವು ಬ್ಯಾಕ್ಟೀರಿಯಗಳೇ; ಸಯನೋಬ್ಯಾಕ್ಟೀರಿಯ ಎಂಬುದು ವಿಜ್ಞಾನದ ಹೆಸರು. ಇವುಗಳ ಬಳಗವೇ ಮರುಭೂಮಿಗಳಲ್ಲಿ ಮಣ್ಣಿನ ಮೇಲೆ ತೆಳ್ಳನೆಯ ಪದರ ಕಟ್ಟಿಕೊಂಡು ಬದುಕುತ್ತದೆ.

ಮಳೆಯ ಊರಿಗೂ ಮರುಭೂಮಿಗೂ ಎಲ್ಲಿಯ ನಂಟು? ಆಷಾಢದಲ್ಲಿ ನೀರು ಸುರಿಯುವ ಗೋಡೆಯೇ ಏಪ್ರಿಲ್ ಬಿಸಿಲಿಗೆ ಕಾದ ಕಾವಲಿಯಾಗುತ್ತದೆ. ಅಲ್ಲಿ ಜೀವಿಗೆ ಎರಡು ಗಂಡಾಂತರ: ಒಂದು ನೀರಿಲ್ಲ, ಇನ್ನೊಂದು ಅತಿನೇರಳೆ ಕಿರಣಗಳ ಹೊಡೆತ. ಇವೆರಡೂ ಸೇರಿ ಜೀವಕೋಶದೊಳಗೆ ಆಮ್ಲಜನಕದ ಪುಂಡ ರೂಪಗಳನ್ನು ಹುಟ್ಟಿಸುತ್ತವೆ. ಅವು ಕೊಬ್ಬು, ಪ್ರೋಟೀನು, ಡಿಎನ್‌ಎಗಳನ್ನು ಕೆಡಿಸುತ್ತವೆ. ಇದನ್ನು ತಡೆಯುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟ್‌ಗಳು. ಹೆಚ್ಚಿದ ಸೇಬಿಗೆ ಲಿಂಬೆರಸ ಸವರಿದರೆ ಬೇಗ ಕಂದು ಬಣ್ಣಕ್ಕೆ ತಿರುಗುವುದಿಲ್ಲವಷ್ಟೆ? ಅದರಲ್ಲಿ ಲಿಂಬೆಯ ಹುಳಿಯ ಜೊತೆ 'ಸಿ' ಜೀವಸತ್ವದ ಕೆಲಸವೂ ಇದೆ.

ಈ ಬ್ಯಾಕ್ಟೀರಿಯಗಳ ರಕ್ಷಣೆ ಎರಡು ಸುತ್ತಿನದು. ಕೋಶದೊಳಗೆ ಕ್ಯಾರೆಟ್ಟಿನ ಬಣ್ಣದ ಬಂಧುಗಳಾದ ಕ್ಯಾರೊಟಿನಾಯ್ಡ್‌ಗಳಿವೆ. ಹಲವು ಜಾತಿಗಳಲ್ಲಿ ಹೊರಗಿನ ಒರೆಯಲ್ಲಿ ಸೈಟೊನೆಮಿನ್ ಎಂಬ ಹಳದಿಗಂದು ಬಣ್ಣದ ವಸ್ತುವಿದೆ. ಅದರ ರಚನೆ ಗೊತ್ತಾದದ್ದು 1993ರಲ್ಲಿ. ಅದು ಅತಿನೇರಳೆ ಕಿರಣವನ್ನು ಹೀರಿಕೊಂಡು, ಆಹಾರ ತಯಾರಿಕೆಗೆ ಬೇಕಾದ ಬೆಳಕಿನ ಬಹುಭಾಗವನ್ನು ಒಳಗೆ ಬಿಡುತ್ತದೆ. ಪುಂಡ ಅಣುಗಳನ್ನು ಪಳಗಿಸುವ ಗುಣವೂ ಅದಕ್ಕಿದೆಯೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದ್ದರಿಂದಲೇ ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದ ಪದರ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ.

ಹಾಗಾದರೆ ಇಂಥದನ್ನು ಮಾತ್ರೆ ಮಾಡಿ ಮಕ್ಕಳಿಗೆ ಕೊಟ್ಟರೆ ಆರೋಗ್ಯ ಹೆಚ್ಚುವುದೇ? ಇಲ್ಲಿ ಹೆತ್ತವರು ತುಸು ನಿಧಾನಿಸಬೇಕು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಬದಲಿಗೆ ಶೇಕಡಾ 18ರಷ್ಟು ಹೆಚ್ಚಿತು! ಪರೀಕ್ಷಾನಳಿಕೆಯಲ್ಲಿ ಗೆದ್ದ ವಸ್ತು ದೇಹದಲ್ಲೂ ಗೆದ್ದೇ ಗೆಲ್ಲುತ್ತದೆಂಬ ಭರವಸೆಯಿಲ್ಲ. ಬಸಳೆ, ನೆಲ್ಲಿಕಾಯಿ, ಪೇರಳೆ, ಪುನರ್ಪುಳಿಯಂಥ ಊರಿನ ಆಹಾರದಲ್ಲೇ ಉತ್ಕರ್ಷಣ ನಿರೋಧಕಗಳು ಧಾರಾಳವಾಗಿವೆ. ಜಾಹೀರಾತು ನೋಡಿ ಮಾತ್ರೆ ಕೊಳ್ಳುವ ಮೊದಲು ವೈದ್ಯರನ್ನು ಕೇಳುವುದು ಲೇಸು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಗೋಡೆಯ ಕಪ್ಪನ್ನು ಚಿಟಿಕೆಯಷ್ಟು ಕೆರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಹಳದಿಗಂದು ಒರೆಯೊಳಗೆ ಮಣಿಸರದಂತೆ ಜೋಡಿಸಿಟ್ಟ ಹಸಿರು ಕೋಶಗಳು ಕಂಡರೆ, ಬಿಸಿಲನ್ನು ಎದುರಿಸಲು ಅವು ಹೊದ್ದ ಅಂಗಿ ಅದೇ. ಆಮೇಲೆ ಕೈ ತೊಳೆಯಲು ಮಾತ್ರ ಮರೆಯಬೇಡಿ.