ಕೂಡಿ ಕಲಿತರೆ ಇಂಗ್ಲಿಷೂ ಸುಲಭ

ಕಾಶಿ ಎಂದೊಡನೆ ನಮಗೆ ಗಂಗೆ, ವಿಶ್ವನಾಥ ಇವು ನೆನಪಾಗುವುದು ಸಹಜ. ಆದರೆ ಕಾಶಿಯು ವ್ಯಾಕರಣದ ಊರೂ ಹೌದು. ಅಲ್ಲಿಯ ಜೈತಪುರದಲ್ಲಿ ನಾಗಕೂಪವೆಂಬ ಮೆಟ್ಟಿಲುಬಾವಿಯೊಂದುಂಟು. ಮಹಾಭಾಷ್ಯಕಾರ ಪತಂಜಲಿಯ ಹೆಸರನ್ನು ಜನರು ಅದರೊಡನೆ ಸೇರಿಸಿ ಹೇಳುತ್ತಾರೆ. ನಾಗಪಂಚಮಿಯ ದಿನ ಅಲ್ಲಿ ಪಂಡಿತರೂ ವಿದ್ಯಾರ್ಥಿಗಳೂ ಸೇರಿ ಶಾಸ್ತ್ರಾರ್ಥ ನಡೆಸುವುದು ಸಂಪ್ರದಾಯ. ಶಬ್ದದ ಸರಿತಪ್ಪುಗಳನ್ನು ನಾಲ್ವರ ಮುಂದೆ ಆಡಿ, ಕೇಳಿ, ವಾದಿಸಿ ತಿಳಿಯಬೇಕೆಂಬ ವಿವೇಕ ಅದರಲ್ಲಿದೆ. ಇಂಗ್ಲಿಷು ಕಲಿಯುವವರಿಗೂ ಈ ವಿವೇಕ ಬೇಕೆಂದು ನಮ್ಮ ಎಣಿಕೆ.

ಇದು ಕಾಶಿಗೆ ಹೊಸದಲ್ಲ. 1791ರಲ್ಲಿ ಜೊನಾಥನ್ ಡಂಕನ್ ಅಲ್ಲಿ ಸಂಸ್ಕೃತ ಕಾಲೇಜನ್ನು ಸ್ಥಾಪಿಸಿದರು. ಅದೇ ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ. 1846ರಲ್ಲಿ ಆ ಕಾಲೇಜಿನ ಆಡಳಿತಕ್ಕೆ ಬಂದ ಜೇಮ್ಸ್ ಬ್ಯಾಲಂಟೈನ್ ಎಂಬವರು ವರದರಾಜನ ಲಘುಕೌಮುದಿಯನ್ನು ಇಂಗ್ಲಿಷಿಗೆ ತಿರುಗಿಸಿದರು. ಪಂಡಿತರಿಗೂ ಇಂಗ್ಲಿಷು ಓದುವ ಹಿರಿಯ ವಿದ್ಯಾರ್ಥಿಗಳಿಗೂ ವಿಚಾರವಿನಿಮಯ ಸುಗಮವಾಗಲಿ ಎಂಬುದು ಅವರ ಉದ್ದೇಶವಾಗಿತ್ತು. ತನ್ನಲ್ಲಿರುವ ವಿದ್ಯೆಯನ್ನು ಬದಿಗಿಟ್ಟಲ್ಲ, ಅದನ್ನೇ ಮೆಟ್ಟಿಲಾಗಿಸಿಕೊಂಡು ಇನ್ನೊಂದನ್ನು ಕಲಿಯುವ ದಾರಿ ಅದು.

ಕಾಶಿಗೂ ಕನ್ನಡಿಗರಿಗೂ ನಂಟು ಹಳೆಯದು. ಜಂಗಮವಾಡಿ ಮಠದಲ್ಲಿ ಕರ್ನಾಟಕದ ವಿದ್ಯಾರ್ಥಿಗಳು ಉಳಿದು ಓದಿದ್ದಾರೆ. 1916ರಲ್ಲಿ ಸ್ಥಾಪನೆಯಾದ ಹಿಂದೂ ವಿಶ್ವವಿದ್ಯಾಲಯದ ಮೊದಲನೆಯ ಕುಲಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಇಂದಿಗೂ ನಮ್ಮ ಹುಡುಗರು ಹುಡುಗಿಯರು ಓದಲು ಅಲ್ಲಿಗೆ ಹೋಗುತ್ತಾರೆ. ಕನ್ನಡದಲ್ಲಿ ಓದಿ ಬಂದವನಿಗೆ ಪಾಠ ತಿಳಿಯದೆ ಇರುವುದಿಲ್ಲ. ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳಲು ನಾಲಗೆ ಏಳುವುದಿಲ್ಲ. ಯಾರಾದರೂ ನಕ್ಕಾರೆಂಬ ಅಂಜಿಕೆ. ಒಂದು ನಗೆಗೆ ಹೆದರಿ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಬುದ್ಧಿವಂತರು ಎಷ್ಟು ಮಂದಿಯೋ!

ಅಂಥವರಿಗೆ ನಾಲ್ವರು ಗೆಳೆಯರ ಕೂಟಕ್ಕಿಂತ ಒಳ್ಳೆಯ ಔಷಧವಿಲ್ಲ. ಬೇರೆ ಬೇರೆ ತಾಯ್ನುಡಿಯವರು ಸೇರಿದರಂತೂ ಲಾಭ ಹೆಚ್ಚು. ಕಾಶಿಯಲ್ಲಿ ಬಂಗಾಳಿಗಳ ನೆಲೆಯೂ ದೊಡ್ಡದು. ಬಂಗಾಳಿಯಲ್ಲಿ ‘ಅವನು’, ‘ಅವಳು’ ಎರಡಕ್ಕೂ ಒಂದೇ ಶಬ್ದವಾದ್ದರಿಂದ ಆ ಗೆಳೆಯನ ಇಂಗ್ಲಿಷಿನಲ್ಲಿ ‘ಹಿ’, ‘ಶಿ’ಗಳು ಅದಲುಬದಲಾಗುವುದುಂಟು. ಕನ್ನಡಿಗನು ಅದನ್ನು ಕೂಡಲೇ ಹಿಡಿಯುತ್ತಾನೆ. ‘ಎರಡು ಪುಸ್ತಕ’ ಎನ್ನುವ ಅಭ್ಯಾಸದಿಂದ ಕನ್ನಡಿಗನು ‘ಟೂ ಬುಕ್’ ಎಂದರೆ, ‘ದೋ ಕಿತಾಬೇಂ’ ಎನ್ನುವ ಹಿಂದಿಯವನು ಬಹುವಚನವನ್ನು ನೆನಪಿಸುತ್ತಾನೆ. ಒಬ್ಬನ ಕಣ್ಣಿಗೆ ಕಾಣದ್ದು ಇನ್ನೊಬ್ಬನ ಕಿವಿಗೆ ಕೇಳಿಸುತ್ತದೆ!

ಆದರೆ ಒಂದು ಎಚ್ಚರ. ಎಲ್ಲರೂ ಒಂದೇ ಕಡೆ ಎಡವುವುದೂ ಉಂಟು. ‘ಎರಡು ವರ್ಷದಿಂದ ಕಾಶಿಯಲ್ಲಿದ್ದೇನೆ’ ಎನ್ನಲು ಕನ್ನಡಿಗನು ‘ಐ ಆಮ್ ಇನ್ ಕಾಶಿ ಸಿನ್ಸ್ ಟೂ ಇಯರ್ಸ್’ ಎನ್ನುತ್ತಾನೆ. ಹಿಂದಿಯಲ್ಲೂ ‘ದೋ ಸಾಲ್ ಸೇ’ ಎಂದೇ ಇರುವುದರಿಂದ ಗೆಳೆಯನೂ ತಲೆದೂಗುತ್ತಾನೆ. ಸರಿಯಾದ ಮಾತು ‘ಐ ಹ್ಯಾವ್ ಬೀನ್ ಇನ್ ಕಾಶಿ ಫಾರ್ ಟೂ ಇಯರ್ಸ್’. ಕಾಲದ ಅಳತೆಗೆ ‘ಫಾರ್’, ಮೊದಲಾದ ದಿನಕ್ಕೆ ‘ಸಿನ್ಸ್’. ‘ಡಿಸ್ಕಸ್ ಅಬೌಟ್’ ಎಂಬುದೂ ಹೀಗೆಯೇ. ‘ಬಗ್ಗೆ’ಯ ಕೆಲಸ ‘ಡಿಸ್ಕಸ್’ ಶಬ್ದದಲ್ಲಿಯೇ ಮುಗಿದಿರುತ್ತದೆ.

ಇಂಥ ಕಡೆ ನಿಘಂಟನ್ನೇ ಐದನೆಯ ಗೆಳೆಯನೆಂದು ಕೂಟಕ್ಕೆ ಸೇರಿಸಿಕೊಳ್ಳಬೇಕು. ಕಲಿಯುವವರಿಗೆಂದೇ ಆದ ನಿಘಂಟುಗಳಲ್ಲಿ ಹೆಸರಾದುದು ಎ. ಎಸ್. ಹಾರ್ನ್‌ಬಿಯವರದು. ಜಪಾನಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಅವರು ಇಬ್ಬರು ಜೊತೆಗಾರರೊಡನೆ ಅದನ್ನು ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂತು. ಶಬ್ದದ ಅರ್ಥದೊಡನೆ, ಅದು ವಾಕ್ಯದಲ್ಲಿ ಹೇಗೆ ಕೂರುತ್ತದೆಂಬುದನ್ನೂ ಅದು ತೋರಿಸುತ್ತದೆ.

ಕೂಟಕ್ಕೆ ಖರ್ಚೇನೂ ಇಲ್ಲ. ವಾರಕ್ಕೊಂದು ಸಂಜೆ, ಒಂದು ನೋಟುಪುಸ್ತಕ, ಒಂದು ನಿಘಂಟು. ಮಾತನಾಡುವವನು ವಾಕ್ಯ ಮುಗಿಸುವವರೆಗೆ ಯಾರೂ ತಡೆಯಬಾರದು. ತಿದ್ದುವವನು ‘ಏಕೆ’ ಎಂಬುದನ್ನೂ ಹೇಳಬೇಕು. ಗೊತ್ತಿಲ್ಲದಿದ್ದರೆ ಎಲ್ಲರೂ ಸೇರಿ ಹುಡುಕಬೇಕು. ಅಂದು ಸಿಕ್ಕ ತಪ್ಪು, ಅದರ ಒಪ್ಪು ಎರಡನ್ನೂ ಬರೆದಿಟ್ಟುಕೊಂಡು ಮುಂದಿನ ವಾರ ಮತ್ತೆ ಓದಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರೂ ಯಾರನ್ನೂ ಹಾಸ್ಯಮಾಡಬಾರದು.

ಮನೆಯಲ್ಲಿಯೂ ಇದು ಆಗಬಹುದು. ತಾಯಿ, ಮಗಳು, ಅಜ್ಜ ಕೂಡಿ ಕುಳಿತರೆ ಮಗಳು ಇಂಗ್ಲಿಷು ತಿದ್ದಲಿ, ಅಜ್ಜ ಕನ್ನಡ ತಿದ್ದಲಿ. ತಪ್ಪಿಗೆ ಕಾರಣ ದಡ್ಡತನವಲ್ಲ, ತಾಯ್ನುಡಿಯ ರೂಢಿ ಎಂದು ತಿಳಿದ ಮಗುವಿಗೆ ಎರಡು ನುಡಿಗಳಲ್ಲಿಯೂ ನಾಚಿಕೆ ಇರುವುದಿಲ್ಲ.