ಎಷ್ಟು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ನಡೆಯುತ್ತದೆ?

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಕೈಗೆ ಸಿಕ್ಕರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಜಾಗವನ್ನು ಒಮ್ಮೆ ನೋಡಿ. ತಾಮ್ರದ ಸಣ್ಣ ಗೆರೆಗಳು ನೆಟ್ಟಗೆ ಹೋಗುವುದು ಬಿಟ್ಟು ಅಲ್ಲಲ್ಲಿ ಹಾವಿನಂತೆ ಬಳುಕಿರುತ್ತವೆ. ಅದು ಅಲಂಕಾರವಲ್ಲ. ಹತ್ತಿರದ ದಾರಿಯಿದ್ದ ಗೆರೆಯನ್ನು ಬೇಕೆಂದೇ ಸುತ್ತಾಡಿಸಿ, ಜೊತೆಯ ಉದ್ದನೆಯ ಗೆರೆಗೆ ಸರಿಸಮ ಮಾಡಿರುತ್ತಾರೆ.

ಇದೆಲ್ಲ ಸಮಯದ ಲೆಕ್ಕ: ಒಟ್ಟಿಗೆ ಹೊರಟ ಸಿಗ್ನಲ್ಲುಗಳು ಒಟ್ಟಿಗೇ ತಲುಪಬೇಕು. ನಿರ್ವಾತದಲ್ಲಿ ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಅಮೆರಿಕದ ನೌಕಾಪಡೆಯಲ್ಲಿದ್ದ ಗಣಕತಜ್ಞೆ ಗ್ರೇಸ್ ಹಾಪರ್ ಅಷ್ಟುದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ ನ್ಯಾನೊಸೆಕೆಂಡ್ ಎಂದರೆ ಎಷ್ಟೆಂದು ತೋರಿಸುತ್ತಿದ್ದರು. ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಮಾಡಿದ ಎಫ್‌ಆರ್-4 ಬೋರ್ಡಿನಲ್ಲಿ ಸಿಗ್ನಲ್ಲಿನ ವೇಗ ಇದರ ಅರ್ಧದಷ್ಟೇ. ಒಂದು ಮಿಲಿಮೀಟರ್ ದಾಟಲು 6ರಿಂದ 7 ಪಿಕೊಸೆಕೆಂಡ್ ಬೇಕು. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು.

ಈ ತಲೆನೋವು ಹೊಸದಲ್ಲ. 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಬಂದ ಕ್ರೇ-1 ಸೂಪರ್‌ಕಂಪ್ಯೂಟರಿನ ಗಡಿಯಾರ 12.5 ನ್ಯಾನೊಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಯಾವ ತಂತಿಯೂ ನಾಲ್ಕು ಅಡಿ ಮೀರಬಾರದೆಂದು ಇಡೀ ಯಂತ್ರವನ್ನೇ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರಕ್ಕೆ ಬಾಗಿಸಿದ್ದರು.

ಈಗಿನ ಪ್ರಶ್ನೆ ಇನ್ನೂ ಸೂಕ್ಷ್ಮ: ಉದ್ದದಲ್ಲಿ ಎಷ್ಟು ವ್ಯತ್ಯಾಸವನ್ನು ಸಹಿಸಬಹುದು? ಡಿಡಿಆರ್3-1600 ಮೆಮೊರಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಒಂದು ಬಿಟ್‌ಗೆ ಸಿಗುವ ಅವಧಿ 625 ಪಿಕೊಸೆಕೆಂಡ್. ಸಾಮಾನ್ಯವಾಗಿ ಎಂಟು ಡೇಟಾ ಗೆರೆಗಳ ಜೊತೆ ಸ್ಟ್ರೋಬ್ ಎಂಬ ಸಿಗ್ನಲ್ ಓಡುತ್ತದೆ. ಡೇಟಾವನ್ನು ಯಾವ ಕ್ಷಣದಲ್ಲಿ ಓದಬೇಕೆಂದು ತಿಳಿಸುವುದು ಅದೇ. ಆ ಕ್ಷಣಕ್ಕೆ ತುಸು ಮುಂಚೆ ಮತ್ತು ತುಸು ನಂತರ ಡೇಟಾ ಅಲುಗಾಡದೆ ನಿಂತಿರಬೇಕು. ಇದಕ್ಕೆ ಬೇಕಾದ ಸಮಯ, ಗಡಿಯಾರದ ಏರುಪೇರು, ಅಕ್ಕಪಕ್ಕದ ಗೆರೆಗಳ ಕಿರಿಕಿರಿ ಎಲ್ಲವನ್ನೂ ಕಳೆದು ಉಳಿದದ್ದು ಬೋರ್ಡಿನ ಪಾಲು. ಉದ್ದದ ವ್ಯತ್ಯಾಸಕ್ಕೆಂದು 20 ಪಿಕೊಸೆಕೆಂಡ್ ಮೀಸಲಿಟ್ಟರೆ ಸುಮಾರು 3 ಮಿಲಿಮೀಟರ್ ಸಡಿಲ ಸಿಕ್ಕಂತಾಯಿತು.

ಈ ಲೆಕ್ಕ ಮಾಡದೆ ‘5 ಮಿಲ್’ ಎಂದು ಕಣ್ಣುಮುಚ್ಚಿ ಬರೆಯುವವರು ಬಹಳ. ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಐದು ಮಿಲ್ ದಾಟಲು ಒಂದು ಪಿಕೊಸೆಕೆಂಡೂ ಬೇಡ. ಅಷ್ಟು ಬಿಗಿ ಮಾಡಿದರೆ ಬಳುಕುಗಳು ಜಾಗ ತಿನ್ನುತ್ತವೆ. ಮಡಿಕೆಗಳು ತೀರಾ ಒತ್ತೊತ್ತಾಗಿ ಕೂತರೆ ಸಿಗ್ನಲ್ಲಿನ ಒಂದಂಶ ಪಕ್ಕದ ಮಡಿಕೆಗೆ ದಾಟಿ ಮೊದಲೇ ಗುರಿ ಮುಟ್ಟುತ್ತದೆ. ಹೊಂದಿಸಲು ಹೋಗಿ ಕೆಡಿಸಿಕೊಂಡ ಹಾಗೆ!

ಉದ್ದ ಒಂದೇ ಆದರೆ ಸಮಯವೂ ಒಂದೇ ಆಗಬೇಕೆಂದಿಲ್ಲ. ಬೋರ್ಡಿನ ಹೊರಪದರದಲ್ಲಿ ಗೆರೆಯ ಒಂದು ಬದಿಗೆ ಗಾಳಿಯಿರುವುದರಿಂದ ಸಿಗ್ನಲ್ ಒಳಪದರಕ್ಕಿಂತ ಬೇಗ ಓಡುತ್ತದೆ. ಪದರದಿಂದ ಪದರಕ್ಕಿಳಿಯುವ ವಯಾಗಳಿಗೂ ಉದ್ದವಿದೆ, ಚಿಪ್ಪಿನ ಪ್ಯಾಕೇಜಿನೊಳಗಿನ ದಾರಿಗೂ ಇದೆ. ಬೋರ್ಡಿನ ನೇಯ್ಗೆಯಲ್ಲಿ ಒಂದು ಗೆರೆ ಗಾಜಿನ ಎಳೆಯ ಮೇಲೂ ಅದರ ಜೋಡಿ ಬರೀ ಎಪಾಕ್ಸಿಯ ಮೇಲೂ ಬಿದ್ದರೆ ಎರಡರ ವೇಗ ಬೇರೆಯಾಗುತ್ತದೆ. ಅದಕ್ಕೇ ಕೆಲವು ವಿನ್ಯಾಸಗಾರರು ಗೆರೆಗಳನ್ನು ನೇಯ್ಗೆಗೆ ತುಸು ಓರೆಯಾಗಿ ಎಳೆಯುತ್ತಾರೆ.

ಎಲ್ಲ ಕಡೆಯೂ ಇಷ್ಟು ಕಷ್ಟಪಡಬೇಕಿಲ್ಲ. ಕಂಪ್ಯೂಟರಿಗೆ ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ಮೂರನೆಯ ಪೀಳಿಗೆಯಲ್ಲಿ ಬಿಟ್‌ನ ಅವಧಿ 125 ಪಿಕೊಸೆಕೆಂಡ್. ಒಂದೇ ಸಿಗ್ನಲ್ಲನ್ನು ಹೊರುವ ಜೋಡಿಯ ಎರಡು ಗೆರೆಗಳನ್ನು ಕಟ್ಟುನಿಟ್ಟಾಗಿ ಹೊಂದಿಸಲೇಬೇಕು. ಆದರೆ ಇಂಥ ಜೋಡಿಗಳಿಂದಾದ ಒಂದು ಲೇನಿಗೂ ಇನ್ನೊಂದಕ್ಕೂ ಇರುವ ಅಂತರವನ್ನು ಡೇಟಾ ಪಡೆಯುವ ಚಿಪ್ಪೇ ಸರಿಮಾಡಿಕೊಳ್ಳುತ್ತದೆ. ಇನ್ನು ತಾಪಮಾನ ಅಳೆಯುವ ಸೆನ್ಸರಿಗೆ ಹೋಗುವ 400 ಕಿಲೋಹರ್ಟ್ಸ್‌ನ ಐ2ಸಿ ಗೆರೆಗಳಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಏನೂ ಆಗದು.

ಭೌತವಿಜ್ಞಾನದ ಪ್ರಯೋಗಾಲಯವಾದ ಸರ್ನ್‌ನ ಎಂಜಿನಿಯರುಗಳೂ ಕೈಜೋಡಿಸಿ ಬೆಳೆಸಿದ ಕೀಕ್ಯಾಡ್ ಎಂಬ ಬೋರ್ಡ್ ವಿನ್ಯಾಸದ ಉಚಿತ ತಂತ್ರಾಂಶದಲ್ಲಿ ಗೆರೆಗಳನ್ನು ತಾನೇ ಬಳುಕಿಸಿ ಉದ್ದ ಹೊಂದಿಸುವ ಸೌಲಭ್ಯವಿದೆ. ಎಷ್ಟಕ್ಕೆ ಹೊಂದಿಸಬೇಕೆಂಬ ಅಂಕಿಯನ್ನು ಮಾತ್ರ ಅದು ಹೇಳದು. ಪ್ರಾಜೆಕ್ಟಿಗೆಂದು ಮೊದಲ ಬೋರ್ಡ್ ಮಾಡುತ್ತಿರುವ ವಿದ್ಯಾರ್ಥಿಗಳು ಆ ಅಂಕಿಗಾಗಿ ಚಿಪ್ಪಿನ ಡೇಟಾಶೀಟ್ ತೆರೆದು ಸಮಯದ ಪಟ್ಟಿಯನ್ನು ಮೊದಲು ಓದಲಿ.