ಆಟದ ಕುರ್ಚಿಯಿಂದ ಸಾರಥಿಯ ಪೀಠಕ್ಕೆ

2023ರಲ್ಲಿ ತೆರೆಕಂಡ ‘ಗ್ರಾನ್ ಟುರಿಸ್ಮೊ’ ಎಂಬ ಇಂಗ್ಲಿಷ್ ಬೋಲ್ಪಟವು, ಮೋಟಾರು ಪಂದ್ಯದ ಗಂಧವೇ ಇಲ್ಲದವರನ್ನೂ ಎರಡು ಗಂಟೆಗೂ ಮಿಗಿಲಾಗಿ ಕುರ್ಚಿಗೆ ಕಟ್ಟಿಹಾಕುವಂತಹುದು. ಹಗಲೆಲ್ಲ ಗಲ್ಲಾದ ಮುಂದೆಯೋ ಕಡತಗಳ ನಡುವೆಯೋ ದುಡಿದು, ವಾರಕ್ಕೊಂದು ಸಂಜೆಯ ಬಿಡುವನ್ನು ಪಡೆಯುವ ನಮ್ಮ ವಾಚಕ ಮಿತ್ರರು ಇದನ್ನು ಅವಶ್ಯವಾಗಿ ನೋಡಬಹುದು. ಆದರೆ ನಿಜವಾದ ಕಥೆಯೆಂದು ಹೇಳಿಕೊಳ್ಳುವ ಈ ಚಿತ್ರದಲ್ಲಿ ನಡೆದುದೆಷ್ಟು, ಹೆಣೆದುದೆಷ್ಟು ಎಂಬುದನ್ನು ಮೊದಲೇ ಅರಿತಿರುವುದು ಮೇಲು.

ಗ್ರಾನ್ ಟುರಿಸ್ಮೊ ಎಂಬುದು ಮೂಲತಃ ಒಂದು ವೀಡಿಯೋ ಆಟದ ಹೆಸರು. ಜಪಾನಿನ ಕಝುನೊರಿ ಯಮಾವುಚಿ ಎಂಬಾತನು 1997ರಲ್ಲಿ ಅದನ್ನು ಹೊರತಂದನು. ನಿಜವಾದ ಕಾರುಗಳ ತೂಕ, ವೇಗ, ತಿರುವಿನಲ್ಲಿ ಜಾರುವ ಸ್ವಭಾವ ಇವೆಲ್ಲವನ್ನೂ ಲೆಕ್ಕಹಾಕಿ ಪರದೆಯ ಮೇಲೆ ಮೂಡಿಸಿದುದೇ ಆತನ ಹೆಚ್ಚುಗಾರಿಕೆ. 2008ರಲ್ಲಿ ನಿಸ್ಸಾನ್ ಮತ್ತು ಸೋನಿ ಸಂಸ್ಥೆಗಳು ಒಂದುಗೂಡಿ, ಈ ಆಟದಲ್ಲಿ ಗೆದ್ದವರಿಗೆ ನಿಜವಾದ ಕಾರನ್ನೇ ಕೊಟ್ಟು ಪಂದ್ಯಕ್ಕೆ ಇಳಿಸುವ ‘ಜಿಟಿ ಅಕಾಡೆಮಿ’ಯನ್ನು ಆರಂಭಿಸಿದವು. ಸ್ಪೇನಿನ ಲೂಕಾಸ್ ಒರ್ಡೊನೆಸ್ ಎಂಬುವನು ಮೊದಲ ವಿಜೇತ. 2011ರಲ್ಲಿ ಸುಮಾರು ತೊಂಬತ್ತು ಸಾವಿರ ಸ್ಪರ್ಧಿಗಳ ನಡುವೆ ಗೆದ್ದವನು ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಬೆಳೆದ ಹತ್ತೊಂಬತ್ತರ ತರುಣ ಯಾನ್ ಮಾರ್ಡನ್‌ಬರೊ. ಚಿತ್ರವು ಇವನ ಕಥೆ. ಆರ್ಚಿ ಮಡೆಕ್ವೆ ಎಂಬ ನಟನು ಆ ಪಾತ್ರವನ್ನು ವಹಿಸಿದ್ದಾನೆ. ನಿರ್ದೇಶಕನು ನೀಲ್ ಬ್ಲೊಂಕ್ಯಾಂಪ್.

ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು ಕಾರುಗಳಲ್ಲ, ತಂದೆ-ಮಗನ ಸಂಬಂಧ. ತಂದೆಯು ಒಂದು ಕಾಲದ ವೃತ್ತಿಪರ ಫುಟ್‌ಬಾಲ್ ಆಟಗಾರ. ಆಟವನ್ನು ನೆಚ್ಚಿ ಬದುಕುವುದರ ಕಷ್ಟವನ್ನು ತಾನೇ ಉಂಡವನು. ಮಗನು ಕೋಣೆಯಲ್ಲಿ ಕುಳಿತು ಪರದೆಯ ಮುಂದೆ ಚಕ್ರ ತಿರುಗಿಸುವುದು ಆತನಿಗೆ ಹಿಡಿಸದು. ಜಿಮೋನ್ ಹೊನ್ಸು ಎಂಬ ನಟನು ಈ ತಂದೆಯನ್ನು ಕಟುಕನನ್ನಾಗಿ ಮಾಡದೆ, ಭಯಪಡುವ ಮನುಷ್ಯನನ್ನಾಗಿ ಮಾಡಿದ್ದಾನೆ. ‘ಮೊದಲು ಒಂದು ಭದ್ರವಾದ ಕೆಲಸ ಹಿಡಿ’ ಎಂದು ಊರಿನಿಂದ ಪತ್ರ ಬರೆದ ತಂದೆಯರನ್ನು ಬಲ್ಲವರಿಗೆ ಆ ಮುಖದಲ್ಲಿ ಪರಿಚಿತವಾದುದೇನೋ ಕಾಣಿಸುತ್ತದೆ.

ಹಾಗಾದರೆ ಆಟವು ಸಾರಥ್ಯವನ್ನು ಕಲಿಸೀತೇ? ಅರ್ಧ ಕಲಿಸುತ್ತದೆ. ಯಾವ ತಿರುವಿನಲ್ಲಿ ಎಲ್ಲಿ ಬ್ರೇಕು ಒತ್ತಬೇಕು, ಯಾವ ಗೆರೆಯನ್ನು ಹಿಡಿದು ಸಾಗಿದರೆ ಕಾಲ ಉಳಿದೀತು ಎಂಬುದು ಸಾವಿರ ಸಲ ಆಡಿದವನಿಗೆ ಕಣ್ಣು ಮುಚ್ಚಿದರೂ ಗೊತ್ತು. ದೋಸೆಯ ಹಂಚಿನ ಮುಂದೆ ವರ್ಷಗಟ್ಟಲೆ ನಿಂತವನು ಹಂಚಿನ ಕಾವನ್ನು ನೀರು ಚಿಮುಕಿಸಿದ ಸದ್ದಿನಿಂದಲೇ ತಿಳಿಯುವಂತೆ. ಆದರೆ ವೇಗವು ಕುತ್ತಿಗೆಯನ್ನು ಎಳೆಯುವ ಬಗೆಯನ್ನಾಗಲಿ, ಕಾರಿನೊಳಗಿನ ಸೆಕೆಯನ್ನಾಗಲಿ, ಪಕ್ಕದ ಕಾರಿನವನೂ ಜೀವವುಳ್ಳವನೆಂಬ ಅರಿವನ್ನಾಗಲಿ ಆಟವು ಕೊಡಲಾರದು. ಅಲ್ಲಿ ಡಿಕ್ಕಿ ಹೊಡೆದರೆ ಗುಂಡಿಯೊಂದನ್ನು ಒತ್ತಿ ಮೊದಲಿನಿಂದ ಹೊರಡಬಹುದು.

ನಿಜದಲ್ಲಿ ಆ ಗುಂಡಿ ಇಲ್ಲವೆಂಬುದು 2015ರ ಮಾರ್ಚಿಯಲ್ಲಿ ಭೀಕರವಾಗಿ ತಿಳಿಯಿತು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಉತ್ತರ ಪಥವು ಕಾಡುಗುಡ್ಡಗಳ ನಡುವೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಿದುದು. ಅಲ್ಲಿ ಫ್ಲುಗ್‌ಪ್ಲಾಟ್ಸ್ ಎಂಬ ಏರಿನಲ್ಲಿ ಮಾರ್ಡನ್‌ಬರೊನ ಕಾರಿನ ಮೂತಿ ಗಾಳಿಗೆದ್ದಿತು. ಕಾರು ಬೇಲಿಯನ್ನು ದಾಟಿ ಹಾರಿ ಬಿದ್ದಿತು. ಪ್ರೇಕ್ಷಕನೊಬ್ಬನು ಅಸುನೀಗಿದನು. ಚಾಲಕನು ಬದುಕಿದನು. ಆ ಬಳಿಕ ಕೆಲಕಾಲ ಆ ಪಥದ ಕೆಲವು ಭಾಗಗಳಲ್ಲಿ ವೇಗಮಿತಿಯನ್ನು ವಿಧಿಸಲಾಯಿತು.

ಚಿತ್ರವು ಈ ಅಪಘಾತವನ್ನು ಮುಚ್ಚಿಟ್ಟಿಲ್ಲ, ಅದು ಮೆಚ್ಚತಕ್ಕದ್ದೇ. ಮಾರ್ಡನ್‌ಬರೊ ಸಹ ಅದನ್ನು ತೋರಿಸುವುದು ಕರ್ತವ್ಯವೆಂದು ಬಗೆದವನು. ಆದರೆ 2013ರಲ್ಲಿ ನಡೆದ ಲೆ ಮಾನ್ ಪಂದ್ಯಕ್ಕೆ ಮೊದಲೇ ಈ ಸಾವು ಸಂಭವಿಸಿದಂತೆ ಚಿತ್ರದಲ್ಲಿ ಕಾಲವನ್ನು ಹಿಂದುಮುಂದು ಮಾಡಲಾಗಿದೆ. ನಾಯಕನು ದುಃಖದಿಂದ ಮೇಲೆದ್ದು ಗೆಲ್ಲಬೇಕಲ್ಲವೇ, ಅದಕ್ಕಾಗಿ. ಕಥೆಗಾಗಿ ಜಾಕ್ ಸಾಲ್ಟರ್ ಎಂಬ ತರಬೇತುದಾರನನ್ನು ಕಲ್ಪಿಸಿದುದಕ್ಕೆ ನಮ್ಮ ಆಕ್ಷೇಪವಿಲ್ಲ. ಡೇವಿಡ್ ಹಾರ್ಬರ್ ಅದನ್ನು ಬಲು ಸೊಗಸಾಗಿ ನಿರ್ವಹಿಸಿದ್ದಾನೆ. ಆದರೆ ಒಂದು ಮನೆಯವರಿಗೆ ಬಾರದ ಲೋಕಕ್ಕೆ ಹೋದವನ ಸಾವನ್ನು, ಇನ್ನೊಬ್ಬನ ಗೆಲುವಿಗೆ ಮೆಟ್ಟಿಲಾಗುವಂತೆ ಎತ್ತಿ ಬೇರೆಡೆ ಇಡಬಹುದೇ? ಇಡಬಾರದೆಂದೇ ನಮ್ಮ ಅಭಿಪ್ರಾಯ. ಟಿಕೀಟು ಕೊಂಡವನಿಗೆ ಸತ್ಯಕಥೆಯೆಂದು ಹೇಳಿದ ಮೇಲೆ ತಾರೀಖನ್ನಾದರೂ ಸರಿಯಾಗಿ ಹೇಳಬೇಕು.

ವಿಚಿತ್ರವೆಂದರೆ, ನಡೆದ ಸಂಗತಿಯೇ ಸಾಕಷ್ಟು ದೊಡ್ಡದಾಗಿತ್ತು. ಫ್ರಾನ್ಸಿನ ಲೆ ಮಾನ್‌ನಲ್ಲಿ 1923ರಿಂದ ನಡೆಯುತ್ತಿರುವ ಪಂದ್ಯವು ಇಪ್ಪತ್ತನಾಲ್ಕು ಗಂಟೆಗಳದು. ಮೂವರು ಚಾಲಕರು ಪಾಳಿಯ ಮೇಲೆ ಒಂದೇ ಕಾರನ್ನು ಹಗಲಿರುಳು ಓಡಿಸಬೇಕು. ರಾತ್ರಿ ಪಾಳಿಯಲ್ಲಿ ದುಡಿದವರಿಗೆ ಬೆಳಗಿನ ನಾಲ್ಕು ಗಂಟೆಯ ರೆಪ್ಪೆಯ ಭಾರವನ್ನು ಹೇಳಿಕೊಡಬೇಕಾಗಿಲ್ಲ. 2013ರಲ್ಲಿ ಮಾರ್ಡನ್‌ಬರೊ, ಒರ್ಡೊನೆಸ್ ಮತ್ತು ಅನುಭವಿಯಾದ ಜರ್ಮನ್ ಚಾಲಕ ಮಿಖಾಯೆಲ್ ಕ್ರುಮ್ ಇವರ ತಂಡವು ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ಗಳಿಸಿತು. ಚಿತ್ರದಲ್ಲಿಯಾದರೋ ಮೂವರೂ ಆಟದ ಕುರ್ಚಿಯಿಂದ ಬಂದವರೇ.

ನಮ್ಮ ಬೆಂಗಳೂರಿನ ಅರ್ಜುನ್ ಮೈನಿಯೂ 2019ರಲ್ಲಿ ಇದೇ ಲೆ ಮಾನ್‌ನಲ್ಲಿ, ಅದೇ ವರ್ಗದಲ್ಲಿ ಕಾರು ಓಡಿಸಿದನೆಂಬುದನ್ನು ವಾಚಕರು ನೆನೆಯಬಹುದು. ಆತನು ಬಂದುದು ಬಾಲ್ಯದಿಂದಲೇ ಕಾರ್ಟ್ ಎಂಬ ಕಿರುಗಾಡಿಗಳನ್ನು ಓಡಿಸಿ ಮೇಲೇರುವ ರೂಢಿಯ ದಾರಿಯಲ್ಲಿ. ಆ ದಾರಿಗೆ ಪ್ರತಿಭೆಯಷ್ಟೇ ಹಣವೂ ಬೇಕು. ಟೈರು, ಇಂಧನ, ಪ್ರವಾಸ ಎಲ್ಲಕ್ಕೂ ಮನೆಯವರೇ ತೆರಬೇಕು. ಸಂಬಳಗಾರರ ಮಕ್ಕಳಿಗೆ ಅದು ಎಟುಕುವ ಮಾತಲ್ಲ. ಜಿಟಿ ಅಕಾಡೆಮಿಯ ನಿಜವಾದ ಮಹತ್ವವಿರುವುದು ಇಲ್ಲಿಯೇ. ಅದು 2016ರ ಬಳಿಕ ಮುಂದುವರಿಯಲಿಲ್ಲವೆಂಬುದನ್ನು ಚಿತ್ರವು ಹೇಳುವುದಿಲ್ಲ.

ಮಾರ್ಡನ್‌ಬರೊ ಮುಂದೆ ಜಪಾನಿಗೆ ತೆರಳಿ, 2020ರವರೆಗೆ ಅಲ್ಲಿನ ಸೂಪರ್ ಜಿಟಿ ಪಂದ್ಯಗಳಲ್ಲಿ ಓಡಿಸಿದನು. ಚಿತ್ರದ ಕಾರಿನ ದೃಶ್ಯಗಳನ್ನು ನೋಡುವಾಗ ಒಂದು ಸಂಗತಿಯನ್ನು ಗಮನದಲ್ಲಿಡಿರಿ: ತನ್ನ ಪಾತ್ರವನ್ನು ವಹಿಸಿದ ನಟನಿಗೆ ಬದಲಿಯಾಗಿ ಆ ಚಕ್ರವನ್ನು ಹಿಡಿದವನು ಸ್ವತಃ ಮಾರ್ಡನ್‌ಬರೊನೇ.